ಕಡಿದುಹೋದ ಕೈಯ ಜಾಗ ಮಿದುಳಿನಲ್ಲಿ ಯಾರದು?

ಪೀಣ್ಯದಲ್ಲಿ ಪವರ್ ಪ್ರೆಸ್‌ಗೆ ಸಿಕ್ಕಿ ಬಲಗೈ ಕಳೆದುಕೊಂಡವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಮಣಿಕಟ್ಟಿನಾಚೆ ಏನೂ ಇಲ್ಲ. ಆದರೂ ರಾತ್ರಿ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಉಗುರು ಚುಚ್ಚುತ್ತದಂತೆ. ‘ಮಿದುಳಲ್ಲಿ ನಿಮ್ಮ ಕೈಯ ಜಾಗವನ್ನು ಮುಖ ಆಕ್ರಮಿಸಿದೆ, ಅದಕ್ಕೇ ನೋವು’ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಆ ಮಾತು ಹುಟ್ಟಿದ್ದೆಲ್ಲಿ?

1870ರಲ್ಲಿ ಜರ್ಮನಿಯ ವೈದ್ಯರಾದ ಫ್ರಿಟ್ಷ್ ಮತ್ತು ಹಿಟ್ಜಿಗ್ ನಾಯಿಯ ಮಿದುಳಿಗೆ ವಿದ್ಯುತ್ ತಾಗಿಸಿ ಕಾಲು ಅಲುಗಿಸಿದರು. 1937ರ ಹೊತ್ತಿಗೆ ಮಾಂಟ್ರಿಯಲ್‌ನ ಮಿದುಳು ಶಸ್ತ್ರವೈದ್ಯ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಮಿದುಳನ್ನು ಮುಟ್ಟಿ ಮುಟ್ಟಿ ಕೇಳಿ ದೇಹದ ನಕ್ಷೆಯನ್ನೇ ಬರೆದಿದ್ದರು.

ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನು ಕೈಗೆ ಕೊಡುತ್ತಾರೆ. ನೆತ್ತಿಯಿಂದ ಕಿವಿಯ ಕಡೆ ಇಳಿಯುವ ಸೀಳಿನ ಹಿಂದಿನ ಮಡಿಕೆಯೇ ಸ್ಪರ್ಶದ ಪಟ್ಟಿ. ಮೇಲೆ ಕಾಲು, ನಡುವೆ ಕೈ, ಕೆಳಗೆ ಮುಖ. ಇಡೀ ಬೆನ್ನಿಗಿಂತ ತುಟಿ, ಬೆರಳುಗಳಿಗೇ ಜಾಗ ಹೆಚ್ಚು. ಕೈಯೂ ಮುಖವೂ ಅಲ್ಲಿ ಅಕ್ಕಪಕ್ಕದ ಮನೆಯವು. ಮುಂದಿನ ಗೊಂದಲವೆಲ್ಲ ಅಲ್ಲಿಂದಲೇ.

1984ರಲ್ಲಿ ಅಮೆರಿಕದ ನರವಿಜ್ಞಾನಿ ಮರ್ಜೆನಿಕ್ ತಂಡ ಕೋತಿಯ ಬೆರಳು ತೆಗೆದು ನೋಡಿದಾಗ, ತಿಂಗಳುಗಳಲ್ಲೇ ಆ ಜಾಗ ಪಕ್ಕದ ಬೆರಳಿಗೆ ಓಗೊಡತೊಡಗಿತ್ತು. 1991ರಲ್ಲಿ ಪಾನ್ಸ್ ತಂಡಕ್ಕೆ ಇನ್ನೂ ದೊಡ್ಡ ಅಚ್ಚರಿ: ತೋಳಿನಿಂದ ಸಂವೇದನೆ ತರುವ ನರಗಳನ್ನು ಕಡಿದು 12 ವರ್ಷವಾದ ಕೋತಿಗಳ ಗಲ್ಲ ಸವರಿದರೆ, ತೋಳಿನ ಜಾಗದ ಕೋಶಗಳು ಮಿಡಿದವು. ಮರುವರ್ಷವೇ, ಚೆನ್ನೈಯಲ್ಲಿ ವೈದ್ಯಕೀಯ ಓದಿದ ವಿ. ಎಸ್. ರಾಮಚಂದ್ರನ್, ಕೆನ್ನೆ ಮುಟ್ಟಿದರೆ ಇಲ್ಲದ ಬೆರಳನ್ನು ಮುಟ್ಟಿದಂತಾಗುವ ರೋಗಿಗಳ ಬಗ್ಗೆ ಬರೆದರು. ಮಿದುಳು ಜಾಗ ಖಾಲಿ ಬಿಡುವುದಿಲ್ಲ ಎಂಬ ನಂಬಿಕೆ ಬೇರೂರಿತು. ಪಠ್ಯಪುಸ್ತಕಕ್ಕೂ ಹೋಯಿತು, ‘ನಕ್ಷೆ ಸರಿಪಡಿಸುವ’ ಚಿಕಿತ್ಸೆಗಳಿಗೂ ಹಾದಿಯಾಯಿತು.

ಆದರೆ ಗಲ್ಲಕ್ಕೆ ಮಿಡಿದ ಮಾತ್ರಕ್ಕೆ ಆ ಜಾಗ ಗಲ್ಲದ್ದಾಯಿತೇ? 2014ರಲ್ಲಿ ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು, ಬೆನ್ನುಹುರಿಗೆ ಪೆಟ್ಟಾದ ಕೋತಿಗಳಲ್ಲಿ ಈ ಬದಲಾವಣೆಯ ಮೂಲ ಮಿದುಳಿನ ಹೊರಪದರದಲ್ಲಿಲ್ಲ, ಕೆಳಗೆ, ಬೆನ್ನುಹುರಿಗೆ ಕೂಡುವ ಮಿದುಳುಕಾಂಡದಲ್ಲಿದೆ ಎಂದು ತೋರಿಸಿದರು. ಅಲ್ಲಿನ ಒಂದು ಕೇಂದ್ರವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಿದರೆ, ಮೇಲೆ ಕೈಯ ಜಾಗದಲ್ಲಿ ಗಲ್ಲದ ಸದ್ದೇ ಅಡಗುತ್ತಿತ್ತು. ಈ ಕೆಲಸಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂವರನ್ನು ಕೈ ತೆಗೆಯುವ ಮೊದಲೂ ಆಮೇಲೂ ಸ್ಕ್ಯಾನ್ ಮಾಡಿತು. ಇಲ್ಲದ ಬೆರಳನ್ನು ಅಲುಗಿಸಲು ಯತ್ನಿಸಿದಾಗ ಬೆಳಗಿದ್ದು ಹಳೆಯ ಜಾಗವೇ. ತುಟಿ ಗಡಿ ದಾಟಿರಲಿಲ್ಲ.

ಹಾಗಾದರೆ ನೋವು? ಕಡಿದ ನರದ ತುದಿ ಗಂಟುಕಟ್ಟಿ, ಅಲ್ಲಿಂದ ಸಂಕೇತಗಳು ಹೊರಡುವುದುಂಟು. ಕಾರಣ ಅದೊಂದೇ ಅಲ್ಲ. ಆದರೆ ನೋವುಣ್ಣುವವರಿಗೆ ‘ನಿಮ್ಮ ಮಿದುಳೇ ಕೆಟ್ಟಿದೆ’ ಎನ್ನುವ ಮೊದಲು ಮೊಂಡುಗೈಯನ್ನಾದರೂ ಮುಟ್ಟಿ ನೋಡಬೇಕಲ್ಲವೇ?

ಮೊನ್ನೆ ನಾನು ನಮ್ಮ ಬೀದಿಯವರಿಗೆ, ‘ಆ ಬೆರಳುಗಳನ್ನು ಒಮ್ಮೆ ಬಿಚ್ಚಿ ನೋಡಿ ಅಣ್ಣ’ ಎಂದೆ. ಅವರು ಕಣ್ಣು ಮುಚ್ಚಿದರು. ಮುಂಗೈಯ ಸ್ನಾಯುಗಳು ಚರ್ಮದಡಿ ಒಂದೊಂದಾಗಿ ಎದ್ದವು.