ರಾಕೆಟ್ ಹಾರಿಸುವವರು ಬೇಕಾದಷ್ಟಿದ್ದಾರೆ, ಇಳಿಸುವವರು ಬೇಕು

ವಿದ್ಯಾರ್ಥಿಗಳ ರಾಕೆಟ್ ತಂಡಕ್ಕೆ ಸೇರಲು ಬಂದವರನ್ನು ಯಾವ ವಿಭಾಗ ಬೇಕೆಂದು ಕೇಳಿ ನೋಡಿ. ಬಹುತೇಕರು ಎಂಜಿನ್ ಎನ್ನುತ್ತಾರೆ, ಉಳಿದವರು ಎಲೆಕ್ಟ್ರಾನಿಕ್ಸ್. ರಿಕವರಿ, ಅಂದರೆ ಹಾರಿದ ರಾಕೆಟ್ಟನ್ನು ಒಡೆಯದಂತೆ ನೆಲಕ್ಕಿಳಿಸುವ ಕೆಲಸ, ತಡವಾಗಿ ಬಂದವರ ಪಾಲಿಗೆ. ಇಂಥ ತಂಡವೊಂದರಲ್ಲಿ ಸಂಬಳವಿಲ್ಲದ ರಿಕವರಿ ಎಂಜಿನಿಯರ್ ಆಗಿ ದುಡಿದ ನನ್ನನ್ನು ರೇಗಿಸುವ ಮಾತು ಒಂದೇ: “ದೊಡ್ಡ ಪ್ಯಾರಾಚೂಟ್ ಹಾಕಿಬಿಡಿ, ಮುಗಿಯಿತಲ್ಲ!”

ಮುಗಿಯುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ 2017ರಿಂದ 2024ರವರೆಗೆ ನಡೆದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಎಂಬ ವಿದ್ಯಾರ್ಥಿ ರಾಕೆಟ್ ಸ್ಪರ್ಧೆಗೆ ನಮ್ಮ ಮಣಿಪಾಲದ ವಿದ್ಯಾರ್ಥಿಗಳೂ ಹೋಗಿ ಬಂದಿದ್ದಾರೆ. ಅಲ್ಲಿನ ಒಂದು ವಿಭಾಗದ ಗುರಿ 10,000 ಅಡಿ, ಸರಿಸುಮಾರು 3 ಕಿಲೋಮೀಟರ್ ಆಗಿತ್ತು. ಅಷ್ಟೆತ್ತರದಲ್ಲಿ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಂಡು ರಾಕೆಟ್ ಸೆಕೆಂಡಿಗೆ 5 ಮೀಟರಿನಂತೆ ಇಳಿದರೆ ನೆಲ ಮುಟ್ಟಲು 10 ನಿಮಿಷ. ಗಾಳಿ ಸೆಕೆಂಡಿಗೆ 8 ಮೀಟರ್ ಬೀಸುತ್ತಿದ್ದರೆ ಅದು 4.8 ಕಿಲೋಮೀಟರ್ ಆಚೆ ಬೀಳುತ್ತದೆ. ಮುಳ್ಳುಪೊದೆಗಳ ನಡುವೆ ಬಿಸಿಲಲ್ಲಿ ಹುಡುಕುತ್ತಾ ಹೋಗಿ. ಅದಕ್ಕೇ ಎರಡು ಪ್ಯಾರಾಚೂಟ್. ಹಾರಾಟದ ತುತ್ತತುದಿಯಲ್ಲಿ ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡು ಸೆಕೆಂಡಿಗೆ 25 ಮೀಟರಿನಂತೆ ಬೇಗ ಬೇಗ ಇಳಿಸುತ್ತದೆ. ನೆಲ ಇನ್ನು 300 ಮೀಟರ್ ಇದೆ ಎನ್ನುವಾಗ ದೊಡ್ಡದು ಬಿಚ್ಚುತ್ತದೆ. ಅದೇ ಗಾಳಿಯಲ್ಲಿ ಈಗ ನಡೆಯಬೇಕಾದದ್ದು ಸುಮಾರು 1.3 ಕಿಲೋಮೀಟರ್. ಬಟ್ಟೆಯ ಅಳತೆಗಿಂತ ಬಿಚ್ಚುವ ಹೊತ್ತೇ ಇಲ್ಲಿ ಮುಖ್ಯ.

ತುದಿ ಮುಟ್ಟಿದ್ದು ರಾಕೆಟ್ಟಿಗೆ ಗೊತ್ತಾಗುವುದು ಗಾಳಿಯ ಒತ್ತಡದಿಂದ. ಎತ್ತರ ಅಳೆಯುವ ಆಲ್ಟಿಮೀಟರ್ ಕೂರಿಸಿದ ಭಾಗದ ಗೋಡೆಗೆ ಸಣ್ಣ ತೂತುಗಳನ್ನು ಕೊರೆದಿರುತ್ತೇವೆ. ಏರುತ್ತಾ ಹೋದಂತೆ ಒತ್ತಡ ಕುಸಿಯುತ್ತದೆ. ಮತ್ತೆ ಹೆಚ್ಚತೊಡಗಿದರೆ ಇಳಿಯುತ್ತಿದ್ದೇವೆ ಎಂದು ಅರ್ಥ. (ಶಬ್ದದ ವೇಗದ ಆಸುಪಾಸಿನಲ್ಲಿ ಆಘಾತ ತರಂಗಗಳು ಈ ಲೆಕ್ಕವನ್ನು ಕೆಡಿಸುತ್ತವೆ. ಆಗ ಕಣ್ಣು ಮುಚ್ಚಿಕೊಂಡಿರು ಎಂದು ಆಲ್ಟಿಮೀಟರಿಗೆ ಮೊದಲೇ ಹೇಳಿಡಬೇಕು.) ನೇರವಾಗಿ ಏರಿದ ರಾಕೆಟ್ ತುದಿ ದಾಟಿದ ಮೊದಲ ಸೆಕೆಂಡಿನಲ್ಲಿ ಬೀಳುವುದು ಬರೀ 5 ಮೀಟರ್, ಆಗಿನ ವೇಗ ಸೆಕೆಂಡಿಗೆ 10 ಮೀಟರ್. 5 ಸೆಕೆಂಡು ತಡವಾಯಿತೋ, ವೇಗ 50 ಮೀಟರಿನ ಹತ್ತಿರ. ಗಾಳಿಯ ಹೊಡೆತ ಏರುವುದು ವೇಗದ ವರ್ಗದ ಪ್ರಮಾಣದಲ್ಲಿ. ಹಾಗಾಗಿ ವೇಗ 5 ಪಟ್ಟಾದರೆ ಹೊಡೆತ 25 ಪಟ್ಟು! ಬಟ್ಟೆ ಹರಿಯದಿದ್ದರೆ ಹಗ್ಗ ಹರಿಯುತ್ತದೆ. ಹಗ್ಗವೂ ತಡೆದುಕೊಂಡರೆ ಆ ಹಗ್ಗವೇ ರಾಕೆಟ್ಟಿನ ಕೊಳವೆಯನ್ನು ಅಂಚಿನಿಂದ ಉದ್ದಕ್ಕೆ ಸೀಳುತ್ತದೆ.

ಕೊಳವೆಯನ್ನು ಬಿಚ್ಚಿಸಿ ಪ್ಯಾರಾಚೂಟನ್ನು ಹೊರದಬ್ಬುವುದು ಆಲ್ಟಿಮೀಟರ್ ಹೊತ್ತಿಸುವ ಕೆಲವೇ ಗ್ರಾಂ ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು. ಹೈದರ್ ಮತ್ತು ಟಿಪ್ಪುವಿನ ಸೈನಿಕರು ಕಬ್ಬಿಣದ ಕೊಳವೆಗೆ ತುಂಬಿ ಬ್ರಿಟಿಷರ ಮೇಲೆ ಹಾರಿಸಿದ್ದೂ ಇಂಥ ಮದ್ದನ್ನೇ. ಅವರಿಗೆ ರಿಕವರಿಯ ಗೊಡವೆ ಇರಲಿಲ್ಲ ಬಿಡಿ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಅಂಥ ರಾಕೆಟ್‌ಗಳು ಸಿಕ್ಕಿದವಲ್ಲ, ಅವನ್ನು ಮೇಲೆತ್ತಿದವರು ಪುರಾತತ್ವದವರು.

ತುಂಬಾ ಎತ್ತರದಲ್ಲಿ ಈ ಮದ್ದು ಕೈಕೊಡುತ್ತದೆ. ಆಮ್ಲಜನಕ ಸಾಲದು ಎಂದು ಓದಿದವರೂ ಹೇಳುತ್ತಾರೆ. ತಪ್ಪು. ಬೇಕಾದ ಆಮ್ಲಜನಕ ಪೆಟ್ಲುಪ್ಪಿನಲ್ಲೇ ಇದೆ. ಕಳೆದುಹೋಗುವುದು ಒತ್ತಡ. ಮೊದಲು ಹೊತ್ತಿದ ಕಣಗಳು ತೆಳುಗಾಳಿಯಲ್ಲಿ ಚೆದುರಿ, ಪಕ್ಕದ ಕಣಗಳಿಗೆ ಕಾವು ಮುಟ್ಟಿಸುವುದಿಲ್ಲ. ಬಚ್ಚಲ ಒಲೆಯ ಕೆಂಡವನ್ನು ಒಟ್ಟಿದರೆ ಉರಿಯುತ್ತದೆ, ಕೆದರಿದರೆ ಆರುತ್ತದೆ. ಆದ್ದರಿಂದ ಮದ್ದನ್ನು ಬಿಗಿಯಾಗಿ ಕಟ್ಟಬೇಕು. ರಬ್ಬರ್ ಕೈಗವಸಿನ ಬೆರಳನ್ನು ಕತ್ತರಿಸಿ, ಮದ್ದು ತುಂಬಿ, ಕಿಡಿ ಹೊತ್ತಿಸುವ ತಂತಿಯ ತಲೆಯನ್ನು ಅದರೊಳಗೆ ಹುದುಗಿಸಿ, ಟೇಪು ಸುತ್ತುವುದು ನಮ್ಮ ವಾಡಿಕೆ. ಇನ್ನೂ ಮೇಲೆ ಹೋಗುವವರಿಗೆ ಬಿಗಿಮುಚ್ಚಳದ ಗಟ್ಟಿ ಕೊಳವೆಯೇ ಬೇಕು.

ಉಡಾವಣೆಯ ದಿನ ನಿಂಬೆಹಣ್ಣು ಕಟ್ಟುವವರನ್ನು ನಾನು ತಡೆಯುವುದಿಲ್ಲ. ನೆಲದ ಮೇಲೆ ರಾಕೆಟ್ ಮಲಗಿಸಿ ಈ ಮದ್ದನ್ನು ಒಮ್ಮೆಯೂ ಹೊತ್ತಿಸಿ ನೋಡದೆ ನಿಂಬೆಹಣ್ಣನ್ನಷ್ಟೇ ನಂಬಿದವರನ್ನು ಮಾತ್ರ ಬಿಡುವುದಿಲ್ಲ.

ಪರೀಕ್ಷೆಯ ಮಾತಿಗೆ ನಾಸಾದ ಜೆನೆಸಿಸ್ ನೆನಪಾಗುತ್ತದೆ. ಸೌರಮಾರುತದ ಕಣಗಳನ್ನು ಹಿಡಿದು ತಂದ ಆ ಕೋಶ 2004ರ ಸೆಪ್ಟೆಂಬರ್ 8ರಂದು ಗಂಟೆಗೆ ಸುಮಾರು 311 ಕಿಲೋಮೀಟರ್ ವೇಗದಲ್ಲಿ ಯೂಟಾದ ಮರುಭೂಮಿಗೆ ಅಪ್ಪಳಿಸಿತು. ವೇಗ ತಗ್ಗುವುದನ್ನು ಗುರುತಿಸಿ ಪ್ಯಾರಾಚೂಟಿಗೆ ಸೂಚನೆ ಕೊಡಬೇಕಾದ ಸ್ವಿಚ್‌ಗಳನ್ನು ವಿನ್ಯಾಸದಲ್ಲೇ ತಲೆಕೆಳಗಾಗಿ ಕೂರಿಸಲಾಗಿತ್ತು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಜೋಡಿ ಇಟ್ಟರೂ ನಕ್ಷೆಯೇ ತಪ್ಪಾಗಿದ್ದರೆ ಎರಡೂ ಒಟ್ಟಿಗೆ ಸೋಲುತ್ತವೆ. ಹೀಗಾಗಿ ನನ್ನ ಹಟ ಇಷ್ಟು: ಆಲ್ಟಿಮೀಟರ್ ಎರಡಿರಲಿ, ಎರಡೂ ಬೇರೆ ಬೇರೆ ತಯಾರಕರದ್ದಾಗಿರಲಿ, ಬ್ಯಾಟರಿಯೂ ಬೇರೆ, ಸ್ವಿಚ್ಚೂ ಬೇರೆ. ಎರಡನೆಯದರ ಮದ್ದು ಕೊಂಚ ಹೆಚ್ಚಿರಲಿ, ಆದರೆ ಒಂದು ಸೆಕೆಂಡು ತಡವಾಗಿ ಹೊತ್ತಲಿ. ಎರಡೂ ಒಮ್ಮೆಲೇ ಸಿಡಿದರೆ ಕೊಳವೆಯೇ ಒಡೆದೀತು.