ಕೆಂಡದಿಂದ ತಟ್ಟೆಗೆ ಎಷ್ಟು ಹೊತ್ತು?

ಶನಿವಾರ ರಾತ್ರಿ ಎಂಟು ಜನ ಒಂದು ಟೇಬಲ್‌ಗೆ ಬಂದು ಕೂರುತ್ತಾರೆ. ಐದೇ ನಿಮಿಷದಲ್ಲಿ ಹನ್ನೊಂದು ಐಟಂ ಹೇಳಿ, 'ಎಲ್ಲಾ ಒಟ್ಟಿಗೇ ತಂದುಬಿಡಿ' ಎನ್ನುತ್ತಾರೆ. ಒಳಗೆ ಕೆಂಡದ ಮುಂದೆ ನಿಂತಿರುವ ನನಗೆ ಆ ಚೀಟಿ ನೋಡಿದ ಕೂಡಲೇ ಗೊತ್ತಾಗುತ್ತದೆ, ಇವತ್ತು ಇವರು ಅರ್ಧ ಊಟ ತಣ್ಣಗಾದ ಮೇಲೇ ತಿನ್ನುತ್ತಾರೆ ಅಂತ.

ಸೀಗಡಿಗೆ ನಾಲ್ಕೈದು ನಿಮಿಷ ಸಾಕು. ಮೂಳೆ ಇರುವ ಕೋಳಿ ತೊಡೆಗೆ ಅರ್ಧ ಗಂಟೆಯ ಹತ್ತಿರ ಬೇಕು. ಲೆಕ್ಕ ಹಾಕಿ ಒಂದನ್ನು ಮೊದಲು, ಇನ್ನೊಂದನ್ನು ಆಮೇಲೆ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಒಂದೇ ಟೇಬಲ್ ಇದ್ದರೆ ಹಾಗೇ ಮಾಡುತ್ತೇವೆ. ಹದಿನೈದು ಟೇಬಲ್ ತುಂಬಿದಾಗ ಜಾಲರಿಯ ಮೇಲೆ ಜಾಗ ಸಿಕ್ಕಿದಾಗ ಹಾಕಬೇಕು, ಬೆಂದದ್ದನ್ನು ತೆಗೆದಿಡಬೇಕು. ಹಾಗೆ ತೆಗೆದಿಟ್ಟದ್ದು ಉಳಿದದ್ದಕ್ಕಾಗಿ ಕಾಯುತ್ತದೆ. ಸುಟ್ಟ ಮಾಂಸಕ್ಕೆ ಕಾಯುವುದು ಆಗಿಬರುವುದಿಲ್ಲ.

ಯಾಕೆ ಅಂದರೆ, ನಾವು ಇಷ್ಟಪಡುವ ಆ ಕಂದು ಹೊರಪದರ ಹುಟ್ಟುವುದೇ ಮೇಲ್ಮೈ ಒಣಗಿದಾಗ. ಮಾಂಸದ ಮೇಲೆ ನೀರು ಇರುವ ತನಕ ಅಲ್ಲಿಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಆರಿ, ಬಿಸಿ 140 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಪ್ರೋಟೀನು ಮತ್ತು ಸಕ್ಕರೆ ಸೇರಿ ಬಣ್ಣ, ಘಮ ಎರಡೂ ಚುರುಕಾಗಿ ಏಳುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೇಯಾರ್ ಅವರ ಹೆಸರೇ ಈ ಕ್ರಿಯೆಗಿದೆ. ಕೆಂಡದಿಂದ ಇಳಿಸಿದ ಮೇಲೆ ಒಳಗಿನ ನೀರು ಆವಿಯಾಗಿ ಹೊರಗೆ ಬರುತ್ತಲೇ ಇರುತ್ತದೆ. ಗರಿಗರಿ ಇದ್ದದ್ದು ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಕುರಿ ಮಾಂಸದ ಕೊಬ್ಬಂತೂ ತಟ್ಟೆಯಲ್ಲೇ ಗಟ್ಟಿಯಾಗತೊಡಗಿ ಅಂಗುಳಿಗೆ ಮೇಣದ ಹಾಗೆ ಅಂಟುತ್ತದೆ. ಕೋಳಿಯ ಕೊಬ್ಬು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಎರಡೂ ಒಟ್ಟಿಗೆ ಬಂದರೆ ಮೊದಲು ಕುರಿಗೆ ಕೈ ಹಾಕಿ.

ಎರಡು, ಹೆಚ್ಚೆಂದರೆ ಮೂರು ಐಟಂ ಹೇಳಿ, ಅದು ಮುಗಿಯುತ್ತಾ ಬಂದಾಗ ಮುಂದಿನದ್ದು ಹೇಳಿ. ಬಡಿಸುವವರು ಅವಸರ ಮಾಡಿದರೂ ಜಗ್ಗಬೇಡಿ. ಹೀಗೆ ಮಾಡಿದರೆ ಹೊಟ್ಟೆಗೆ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲುತ್ತೀರಿ. ಬಿಲ್ ಸ್ವಲ್ಪ ಇಳಿಯುತ್ತದೆ. ಮಾಲೀಕರು ಇದನ್ನು ಓದದಿದ್ದರೆ ಒಳ್ಳೆಯದು.

ಈ ಮಾತಿಗೆ ಹೊರತಾದದ್ದೂ ಮೆನುವಿನಲ್ಲಿ ಇರುತ್ತದೆ. ಬೋರ್ಡಿನ ಮೇಲೆ ಎಲ್ಲವನ್ನೂ ಬಾರ್ಬೆಕ್ಯೂ ಅಂತಲೇ ಬರೆದಿರುತ್ತಾರೆ, ಆದರೆ ಒಳಗೆ ನಡೆಯುವುದು ಎರಡು ಬೇರೆ ಕೆಲಸ. ಗ್ರಿಲ್ ಅಂದರೆ ಜೋರು ಕೆಂಡ, ಎಳೆಯ ಮಾಂಸ, ಕೆಲವೇ ನಿಮಿಷ. ನಿಧಾನದ ಬಾರ್ಬೆಕ್ಯೂನಲ್ಲಿ ಮುಚ್ಚಿದ ಗೂಡು, ಸೌದೆಯ ಹೊಗೆ, 110ರಿಂದ 120 ಡಿಗ್ರಿ ಬಿಸಿ. ದೊಡ್ಡ ತುಂಡಿಗೆ ಹತ್ತು, ಹನ್ನೆರಡು ತಾಸು ಹಿಡಿಯುವುದೂ ಉಂಟು. ಅಲ್ಲಿಗೆ ಹೋಗುವುದು ಎದೆಗೂಡಿನ ಕೆಳಭಾಗ, ಭುಜ, ಪಕ್ಕೆಲುಬಿನಂಥ ದುಡಿದು ಗಟ್ಟಿಯಾದ ಮಾಂಸ. ಅದರಲ್ಲಿರುವ ಕೊಲಾಜೆನ್ ಎಂಬ ನಾರು 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಟಿನ್ ಎಂಬ ಮೆತ್ತನೆಯ ಅಂಟಾಗುತ್ತದೆ. ಅದಕ್ಕೆ ಅವಸರ ಮಾಡಿಸಲು ಆಗದು. ನಡುವೆ ಒಂದು ಹಂತದಲ್ಲಿ ಮಾಂಸ ಬೆವರುತ್ತದೆ, ಆ ಬೆವರು ಆರುತ್ತಾ ತಂಪು ಮಾಡುತ್ತದೆ. ಒಳಗಿನ ಬಿಸಿ 65-70 ಡಿಗ್ರಿಯ ಹತ್ತಿರ ಗಂಟೆಗಟ್ಟಲೆ ನಿಂತುಬಿಡುತ್ತದೆ. ಈ ಕೆಲಸ ಕಲಿಯುವಾಗ ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡು ನಾನು ಎರಡು ಸಲ ಬದಲಾಯಿಸಿದ್ದೆ.

ತಿನ್ನುವವರಿಗೆ ಇದರಿಂದ ಏನಾಗಬೇಕು? ನೀವು ಬಂದು ಕೂರುವಾಗ ಗ್ರಿಲ್ ಐಟಂ ಇನ್ನೂ ಹಸಿ, ನಿಧಾನದ ಐಟಂ ಆಗಲೇ ತಯಾರು. 'ಇವತ್ತು ನಿಧಾನಕ್ಕೆ ಬೇಯಿಸಿದ್ದು ಏನಿದೆ, ಎಷ್ಟು ಉಳಿದಿದೆ' ಅಂತ ಮೊದಲೇ ಕೇಳಿಬಿಡಿ. ಖಾಲಿ ಆಯಿತು ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅವತ್ತಿನದ್ದು ಅವತ್ತೇ ಮುಗಿಯುತ್ತಿದೆ ಅಂತ ಲೆಕ್ಕ. ಆ ತುಂಡಿನ ಅಂಚಿನಲ್ಲಿ ಗುಲಾಬಿ ಬಣ್ಣದ ಪಟ್ಟೆ ಕಂಡರೆ ಅದು ಹಸಿ ಅಲ್ಲ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣವನ್ನು ಹಾಗೇ ಹಿಡಿದಿಡುತ್ತದೆ.

ಬಣ್ಣ ನೋಡಿ ತಟ್ಟೆ ವಾಪಸ್ ಕಳಿಸುವವರು ಜಾಸ್ತಿ. ಸ್ಟೇಕ್ ಕತ್ತರಿಸಿದಾಗ ಹರಿಯುವ ಕೆಂಪು ನೀರನ್ನು ರಕ್ತ ಅಂತಾರೆ. ಅದು ಮಾಂಸದ ನೀರು, ಬಣ್ಣ ಕೊಡುವುದು ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನು. ಎಳೆಯ ಕೋಳಿಯಲ್ಲಿ ಮೂಳೆಯ ಪಕ್ಕ, ಪೂರ್ತಿ ಬೆಂದ ಮೇಲೂ, ಕೆಂಪು ಉಳಿಯಬಹುದು. ನಂಬಬೇಕಾದ್ದು ಥರ್ಮಾಮೀಟರನ್ನು. ಅಮೆರಿಕದ ಕೃಷಿ ಇಲಾಖೆ ಹೇಳುವ ಅಳತೆ ನಾವು ಅನೇಕರು ಇಟ್ಟುಕೊಂಡಿದ್ದೇವೆ: ಕೋಳಿಗೆ ಒಳಗೆ 74 ಡಿಗ್ರಿ, ದನ, ಕುರಿ, ಹಂದಿಯ ಕೈಮಾಕ್ಕೆ 71, ಅವುಗಳದ್ದೇ ಇಡೀ ತುಂಡಿಗೆ 63 ಮತ್ತು ಇಳಿಸಿದ ಮೇಲೆ 3 ನಿಮಿಷ ಹಾಗೇ ಬಿಡುವುದು. ಕೈಮಾಕ್ಕೆ ಜಾಸ್ತಿ ಯಾಕೆ? ಇಡೀ ತುಂಡಿನಲ್ಲಿ ರೋಗಾಣು ಇರುವುದು ಹೆಚ್ಚಾಗಿ ಹೊರಮೈಯಲ್ಲಿ, ಅದು ಬೆಂಕಿಗೆ ಸಾಯುತ್ತದೆ. ಕೊಚ್ಚಿದಾಗ ಹೊರಗಿನದ್ದೆಲ್ಲ ಒಳಗೆ ಬೆರೆಯುತ್ತದೆ. ಹಾಗಾಗಿ ಸ್ಟೇಕ್ ನಡುವೆ ಗುಲಾಬಿ ಇದ್ದರೆ ತಿನ್ನಿ, ಕೈಮಾ ಕಬಾಬಿನ ನಡುವೆ ತಣ್ಣಗಿದ್ದರೆ ವಾಪಸ್ ಕಳಿಸಿ. ಸಂಕೋಚ ಬೇಡ.

ನಾನೂ ಒಮ್ಮೆ ಹಾಗೆ ಸಿಕ್ಕಿಬಿದ್ದಿದ್ದೆ. ಜೇನು ಹಾಕಿದ ಸಾಸನ್ನು ಕೋಳಿ ಕಾಲಿಗೆ ಮೊದಲೇ ಬಳಿದು ಜೋರು ಕೆಂಡಕ್ಕೆ ಇಟ್ಟೆ. ಹೊರಗೆ ಕಪ್ಪು, ಒಳಗೆ ಮೂಳೆಗೆ ಅಂಟಿದ ಹಸಿ ಮಾಂಸ. ಹಿರಿಯ ಬಾಣಸಿಗರು ಬೈಯಲಿಲ್ಲ. ಅದನ್ನು ಮುರಿದು ನನ್ನ ಮುಂದೆ ಇಟ್ಟು, 'ನೀನು ತಿಂತೀಯಾ?' ಅಂದರು. ಅಷ್ಟೇ. ಸಿಹಿ ಸಾಸ್ ಯಾವತ್ತೂ ಕೊನೆಯ ಕೆಲವು ನಿಮಿಷಕ್ಕೆ ಅಂತ ಅವತ್ತು ಕಲಿತೆ.

ಟೇಬಲ್ ಮೇಲೆಯೇ ಸುಟ್ಟುಕೊಳ್ಳುವ ಕಡೆ ಹೋದಾಗ ಈ ಪಾಠ ನಿಮಗೂ ಬೇಕು. ಉಪ್ಪು ಮಾತ್ರ ಹಾಕಿದ ಮಾಂಸ ಮೊದಲು, ಸಿಹಿ ಸಾಸಿನಲ್ಲಿ ನೆನೆದದ್ದು ಆಮೇಲೆ. ಸಕ್ಕರೆ ಜಾಲರಿಗೆ ಕಚ್ಚಿಕೊಂಡು ಸೀದರೆ ಮುಂದಿನದ್ದೆಲ್ಲ ಕಹಿ. ಜಾಲರಿ ಕಪ್ಪಾದರೆ ಬೇರೆ ಕೇಳಿ ಹಾಕಿಸಿಕೊಳ್ಳಿ. ಜಾಲರಿ ತುಂಬ ಮಾಂಸ ಜೋಡಿಸಬೇಡಿ, ಆವಿಯಲ್ಲಿ ಬೆಂದ ಹಾಗಾಗುತ್ತದೆ. ಇಕ್ಕಳ ಎರಡು ಇರಲಿ, ಹಸಿ ಮಾಂಸಕ್ಕೊಂದು, ಬೆಂದದ್ದಕ್ಕೊಂದು. ಹಸಿ ಕೋಳಿ ಮುಟ್ಟಿದ ಇಕ್ಕಳದಲ್ಲೇ ಬೆಂದದ್ದನ್ನು ಪಕ್ಕದವರ ತಟ್ಟೆಗೆ ಪ್ರೀತಿಯಿಂದ ಬಡಿಸುವವರನ್ನು ವಾರಕ್ಕೆ ಹತ್ತು ಜನರನ್ನಾದರೂ ನೋಡುತ್ತೇನೆ. ಇದ್ದಲು ಉರಿಯುವ ಟೇಬಲ್ ಆದರೆ ಮೇಲಿನ ಹೊಗೆ ಕೊಳವೆ ಎಳೆಯುತ್ತಿದೆಯೇ ನೋಡಿ. ಇದ್ದಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ. ಕೂತಲ್ಲೇ ತಲೆ ಭಾರವಾದರೆ ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ, ಒಳಗಿನವರಿಗೂ ಹೇಳಿ.

ಹೊಗೆಯ ರುಚಿ ಇದ್ದಲಿನದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಬೂದಿ ಕಟ್ಟಿದ ಒಳ್ಳೆಯ ಕೆಂಡಕ್ಕೆ ಘಮವೇ ಕಡಿಮೆ. ಕೊಬ್ಬು ತೊಟ್ಟಿಕ್ಕಿ ಕೆಂಡದ ಮೇಲೆ ಬಿದ್ದು ಏಳುವ ಹೊಗೆಯೇ ಮಾಂಸಕ್ಕೆ ಆ ರುಚಿ ಕೊಡುವುದು. ಅದು ಅತಿಯಾಗಿ ಉರಿ ಎದ್ದರೆ ಮಸಿ ಹಿಡಿಯುತ್ತದೆ, ಆ ಮಸಿಯಲ್ಲಿ ಆರೋಗ್ಯಕ್ಕೆ ಆಗದ ರಾಸಾಯನಿಕಗಳೂ ಇರುತ್ತವೆ. ಕಂದು ತಿನ್ನಿ, ಕಪ್ಪನ್ನು ಕೆತ್ತಿ ಬದಿಗಿಡಿ.

ಇಷ್ಟಾದ ಮೇಲೂ ಮಿಕ್ಕಿದರೆ ಪಾರ್ಸಲ್ ಕೇಳುತ್ತೀರಿ, ಅಲ್ವಾ? ನಿಧಾನಕ್ಕೆ ಬೇಯಿಸಿದ್ದನ್ನು ಧಾರಾಳವಾಗಿ ಒಯ್ಯಿರಿ. ಬೇಗ ಫ್ರಿಜ್‌ಗೆ ಸೇರಿಸಿ, ಮರುದಿನ ಮುಚ್ಚಿಟ್ಟು ಚೆನ್ನಾಗಿ ಬಿಸಿ ಮಾಡಿದರೆ ಜೆಲಟಿನ್ ಮತ್ತೆ ಕರಗಿ ಬರುತ್ತದೆ. ಗ್ರಿಲ್ ಮಾಡಿದ ಕೋಳಿ ಎದೆ, ಸೀಗಡಿ ಇದ್ದರೆ ಡಬ್ಬಿ ಮುಚ್ಚುವ ಮೊದಲು ಟೇಬಲ್‌ನಲ್ಲಿ ಇನ್ನೊಂದು ಸುತ್ತು ಕೇಳಿ ನೋಡಿ. ಯಾರಾದರೂ ಒಬ್ಬರು ಕೈ ಚಾಚುತ್ತಾರೆ.