‘ಯಾಕೆ’ ಅನ್ನುವುದನ್ನು ಎಲ್ಲಿ ಬರೆದಿದ್ದೀರಿ?

ಹೊಸದಾಗಿ ಸೇರಿದ ಎಂಜಿನಿಯರ್ ಒಬ್ಬರು ಕೋಡಿನ ಒಂದು ಸಾಲು ತೋರಿಸಿ, "ಇದು ಇಲ್ಲಿ ಯಾಕಿದೆ?" ಎಂದು ಕೇಳುತ್ತಾರೆ. "ಗೊತ್ತಿಲ್ಲ, ನಾನು ಬರೋಕೆ ಮೊದಲಿಂದಲೂ ಇದೆ. ಮುಟ್ಟೋಕೆ ಹೋಗ್ಬೇಡಿ" ಎಂಬ ಉತ್ತರ ಬರುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರಿಗೆಲ್ಲ ಈ ಮಾತು ಗೊತ್ತು. ಆ ಸಾಲು ಬರೆದವರು ಕೆಲಸ ಬಿಟ್ಟು ವರ್ಷಗಳಾಗಿರುತ್ತವೆ. ಸಾಲು ಉಳಿದಿದೆ, ಕಾರಣ ಅವರ ಜೊತೆಗೇ ಹೋಗಿದೆ.

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ 1996ರ ಜೂನ್ 4 ನೆನಪಾಗುತ್ತದೆ.

ಅವತ್ತು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೌರು ನೆಲೆಯಿಂದ ಏರಿಯಾನ್-5 ರಾಕೆಟ್ ಮೊದಲ ಸಲ ಮೇಲೇರಿತು. ಕೌರು ನಮಗೆ ತೀರಾ ಅಪರಿಚಿತ ಊರಲ್ಲ. ಬೆಂಗಳೂರಿನಲ್ಲಿ ತಯಾರಾಗಿ, ಹಾಸನದಿಂದ ನಿಯಂತ್ರಣವಾಗುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳಲ್ಲಿ ಎಷ್ಟೋ ಅಲ್ಲಿಂದಲೇ ಏರಿಯಾನ್ ರಾಕೆಟ್‌ಗಳಲ್ಲಿ ಹಾರಿವೆ. ಆದರೆ ಆ ದಿನ ರಾಕೆಟ್ಟಿನಲ್ಲಿ ಇದ್ದದ್ದು ಯುರೋಪಿನ ಕ್ಲಸ್ಟರ್ ಯೋಜನೆಯ ನಾಲ್ಕು ವಿಜ್ಞಾನ ಉಪಗ್ರಹಗಳು. ಎಂಜಿನ್ ಹೊತ್ತಿ ಸುಮಾರು 37 ಸೆಕೆಂಡಿಗೆ ರಾಕೆಟ್ ದಿಕ್ಕು ತಪ್ಪಿತು. ಸುಮಾರು 3,700 ಮೀಟರ್ ಎತ್ತರದಲ್ಲಿ ಮುರಿದು ಸಿಡಿದುಹೋಯಿತು.

ರಾಕೆಟ್ ಯಾವ ಕಡೆ ವಾಲಿದೆ, ಎಷ್ಟು ವೇಗದಲ್ಲಿದೆ ಎಂದು ಅಳೆದು ಹೇಳುವ ಒಂದು ಸಾಧನ ಅದರಲ್ಲಿತ್ತು. ಆ ಸಾಧನದ ಸಾಫ್ಟ್‌ವೇರ್ ಹಳೆಯ ಏರಿಯಾನ್-4ರಿಂದ ಬಂದದ್ದು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು ಅದು 64 ಬಿಟ್ ಜಾಗದಿಂದ 16 ಬಿಟ್ ಜಾಗಕ್ಕೆ ತುಂಬುತ್ತಿತ್ತು. ಆ ಚಿಕ್ಕ ಜಾಗದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಏರಿಯಾನ್-5ರ ಅಡ್ಡ ವೇಗವೋ ಹಳೆಯದಕ್ಕಿಂತ ಐದು ಪಟ್ಟು ಬೇಗ ಏರುತ್ತಿತ್ತು. ಕೊಳಗದಷ್ಟು ಅಕ್ಕಿಯನ್ನು ಸೇರಿನೊಳಗೆ ಸುರಿದಂತಾಯಿತು. ಸಾಧನ ನಿಂತುಹೋಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸಿ, ಪ್ರೋಗ್ರಾಂ ಬರೆದವರ ಅಜಾಗರೂಕತೆ ಎಂದುಬಿಡುತ್ತಾರೆ. ಅದು ನ್ಯಾಯವಲ್ಲ. ಗಣಿತಜ್ಞ ಜಾಕ್-ಲೂಯಿ ಲಿಯೊನ್ಸ್ ಅವರ ನೇತೃತ್ವದ ತನಿಖಾ ಮಂಡಳಿ ಅದೇ ವರ್ಷ ಜುಲೈನಲ್ಲಿ ಕೊಟ್ಟ ವರದಿ ಬೇರೆಯದೇ ಚಿತ್ರ ಕೊಡುತ್ತದೆ. ಹೀಗೆ ಉಕ್ಕಿ ಚೆಲ್ಲಬಹುದಾದ ಏಳು ಸಂಖ್ಯೆಗಳಿವೆ ಎಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಏಳಕ್ಕೂ ಕಾವಲು ಹಾಕಿದರೆ ಕಂಪ್ಯೂಟರಿನ ಮೇಲೆ ಹೊರೆ ಜಾಸ್ತಿ. ಆ ಹೊರೆ ಶೇ 80 ದಾಟಬಾರದು ಎಂಬ ಗುರಿಯಿತ್ತು. ಹಾಗಾಗಿ ನಾಲ್ಕಕ್ಕೆ ಕಾವಲು ಹಾಕಿದರು, ಮೂರನ್ನು ಬಿಟ್ಟರು. ಆ ಮೂರೂ ಅಷ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ, ಅಥವಾ ಅಂಚಿನಿಂದ ಬಹಳ ದೂರವಿವೆ ಎಂಬುದು ಅವರ ಲೆಕ್ಕ. ಹಲವು ಹಂತದ ಪಾಲುದಾರರು ಕೂತು, ಒಪ್ಪಿ ತೆಗೆದುಕೊಂಡ ನಿರ್ಧಾರ ಅದು. ಏರಿಯಾನ್-4ರ ಮಟ್ಟಿಗೆ ಸರಿಯಾದ ನಿರ್ಧಾರ ಕೂಡ.

ಆದರೆ ಆ ಕಾರಣ ಕೋಡಿನ ಪಕ್ಕದಲ್ಲಿ ಎಲ್ಲೂ ಇರಲಿಲ್ಲ. ದಾಖಲೆಗಳ ರಾಶಿಯಲ್ಲಿ ಅದು ಮುಚ್ಚಿಹೋಗಿತ್ತು, ಯಾರೂ ಬೇಕೆಂದು ಮುಚ್ಚಿಟ್ಟದ್ದಲ್ಲ ಎನ್ನುತ್ತದೆ ವರದಿ. ನನಗೆ ಇಡೀ ವರದಿಯಲ್ಲಿ ಬಹಳ ಕಾಡಿದ ಮಾತು ಇದೇ.

ಇನ್ನೊಂದು ವಿಷಯವಿದೆ. ಅಡ್ಡ ವೇಗದ ಆ ಸಂಖ್ಯೆಯನ್ನು ಹಾಕುತ್ತಿದ್ದ ಲೆಕ್ಕದಿಂದ ರಾಕೆಟ್ ನೆಲ ಬಿಟ್ಟ ಮೇಲೆ ಉಪಯೋಗವೇ ಇರಲಿಲ್ಲ! ಹಾರುವ ಮೊದಲು ಸಾಧನವನ್ನು ಸರಿಹೊಂದಿಸಲು ಅದು ಬೇಕಿತ್ತು, ಅಷ್ಟೇ. ಹಳೆಯ ರಾಕೆಟ್ಟಿನಲ್ಲಿ ಕೊನೆಯ ಕ್ಷಣದಲ್ಲಿ ಉಡಾವಣೆಯ ಎಣಿಕೆ (ಕೌಂಟ್‌ಡೌನ್) ನಿಂತರೆ, ಮತ್ತೆ ಸರಿಹೊಂದಿಸಲು 45 ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಅದನ್ನು ತಪ್ಪಿಸಲು, ನೆಲ ಬಿಟ್ಟ ಮೇಲೂ ಸುಮಾರು 40 ಸೆಕೆಂಡು ಆ ಲೆಕ್ಕ ಓಡುವಂತೆ ಬಿಟ್ಟಿದ್ದರು. ಏರಿಯಾನ್-5ಕ್ಕೆ ಆ ಅನುಕೂಲ ಬೇಕಿರಲಿಲ್ಲ. ಆದರೂ ಉಳಿಯಿತು. ಚೆನ್ನಾಗಿ ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಬದಲಿಸಬೇಕು ಎಂಬ ಯೋಚನೆ ಅದರ ಹಿಂದೆ ಇದ್ದಿರಬೇಕು ಎಂದು ಮಂಡಳಿ ಊಹಿಸಿತು. ‘ಮುಟ್ಟೋಕೆ ಹೋಗ್ಬೇಡಿ’ ಅಂದರೆ ಇದೇ ಅಲ್ವಾ?

2011ರಲ್ಲಿ ಮೈಕೆಲ್ ನೈಗಾರ್ಡ್ ಎಂಬ ಅಮೆರಿಕದ ಎಂಜಿನಿಯರ್ ಇಂಥ ತೊಂದರೆಗೆ ಬಹಳ ಸರಳವಾದ ಒಂದು ದಾರಿ ಸೂಚಿಸಿದರು. ದೊಡ್ಡ ನಿರ್ಧಾರ ಒಂದೊಂದಕ್ಕೂ ಒಂದೆರಡು ಪುಟದ ಟಿಪ್ಪಣಿ ಬರೆಯಿರಿ. ಅದನ್ನು ಕೋಡ್ ಇರುವ ಜಾಗದಲ್ಲೇ ಇಡಿ. ಸನ್ನಿವೇಶ ಏನಿತ್ತು, ಏನು ತೀರ್ಮಾನಿಸಿದೆವು, ಅದರಿಂದ ಏನಾಗುತ್ತದೆ ಎಂದು ಹೇಳಿ. ತೀರ್ಮಾನ ಬದಲಾದರೆ ಹಳೆಯ ಟಿಪ್ಪಣಿಯನ್ನು ಅಳಿಸಬೇಡಿ. ಅದರ ಜಾಗಕ್ಕೆ ಯಾವುದು ಬಂತು ಎಂದು ಅದರ ಮೇಲೆ ಗುರುತು ಹಾಕಿ ಇಟ್ಟುಕೊಳ್ಳಿ.

ಏರಿಯಾನ್-4ರ ಕೋಡಿನ ಪಕ್ಕದಲ್ಲಿ ಅಂಥದ್ದೊಂದು ಇದ್ದಿದ್ದರೆ ಹೇಗಿರುತ್ತಿತ್ತು? ನಾನು ಊಹಿಸಿ ಬರೆದು ನೋಡಿದೆ:

"ಸನ್ನಿವೇಶ: ಕಂಪ್ಯೂಟರಿನ ಹೊರೆ ಶೇ 80 ಮೀರಬಾರದು. ತೀರ್ಮಾನ: ಏಳರಲ್ಲಿ ಮೂರು ಸಂಖ್ಯೆಗಳಿಗೆ ಕಾವಲು ಇಲ್ಲ. ನಂಬಿಕೆ: ಏರಿಯಾನ್-4 ಹಾರುವ ದಾರಿಯಲ್ಲಿ ಇವು ಮಿತಿ ದಾಟುವುದಿಲ್ಲ. ಪರಿಣಾಮ: ದಾರಿ ಬದಲಾದರೆ ಈ ತೀರ್ಮಾನ ನಿಲ್ಲುವುದಿಲ್ಲ, ಮತ್ತೆ ಲೆಕ್ಕ ಹಾಕಿ."

ನಾಲ್ಕೇ ಸಾಲು. ಇದರಿಂದ ರಾಕೆಟ್ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಹೊಸ ರಾಕೆಟ್ಟಿಗೆ ಅದೇ ಕೋಡನ್ನು ಎತ್ತಿಕೊಂಡವರು ಕೊನೆಯ ಸಾಲನ್ನು ಓದದೆ ಮುಂದೆ ಹೋಗುವುದು ಕಷ್ಟವಾಗುತ್ತಿತ್ತು. ಟಿಪ್ಪಣಿ ಬರೆಯುವವರು ಈ ಕೊನೆಯ ಸಾಲಿಗೇ ಜಾಸ್ತಿ ಸಮಯ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಚಿತ್ರದ ವಿಷಯ. ಸಾಫ್ಟ್‌ವೇರ್ ವ್ಯವಸ್ಥೆಯ ನಕ್ಷೆ ಎಂದರೆ ನಾವು ಬಾಕ್ಸ್ ಬರೆದು, ನಡುವೆ ಬಾಣ ಎಳೆದು ಬಿಡುತ್ತೇವೆ. ಸೈಮನ್ ಬ್ರೌನ್ ಎಂಬವರು ರೂಪಿಸಿದ ಸಿ4 ಪದ್ಧತಿಯಲ್ಲಿ ಒಂದೇ ಚಿತ್ರಕ್ಕೆ ಎಲ್ಲವನ್ನೂ ತುರುಕುವುದಿಲ್ಲ. ರಾಜ್ಯದ ಭೂಪಟ ಬೇರೆ, ತಾಲ್ಲೂಕಿನದು ಬೇರೆ, ಬೀದಿಯದು ಬೇರೆ ಇರುವ ಹಾಗೆ ನಾಲ್ಕು ಹಂತಗಳಲ್ಲಿ ನಾಲ್ಕು ಬಗೆಯ ಚಿತ್ರ. ಪ್ರತಿ ಬಾಣದ ಮೇಲೂ ಏನು ನಡೆಯುತ್ತಿದೆ ಎಂದು ಬರೆಯಬೇಕು. ಹಂತಗಳ ಹೆಸರು ಮರೆತರೂ ಪರವಾಗಿಲ್ಲ, ಬಾಣದ ಮೇಲೆ ಬರೆಯುವುದನ್ನು ಮಾತ್ರ ಬಿಡಬೇಡಿ.

ಮತ್ತೆ ಅದೇ ರಾಕೆಟ್ಟನ್ನು ಕಾಗದದ ಮೇಲೆ ಬರೆಯೋಣ. ಅಳತೆ ಸಾಧನಕ್ಕೆ ಎರಡು ಬಾಕ್ಸ್, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಎರಡರಿಂದಲೂ ಮುಖ್ಯ ಕಂಪ್ಯೂಟರಿಗೆ ಬಾಣ. ಅಲ್ಲಿಂದ, ರಾಕೆಟ್ಟಿನ ದಿಕ್ಕು ತಿರುಗಿಸುವ ಎಂಜಿನ್ ಕೊಳವೆಗಳಿಗೆ ಇನ್ನೊಂದು ಬಾಣ. ನೋಡಲು ಭದ್ರವಾಗಿಯೇ ಇದೆ. ಈಗ ಬಾಕ್ಸ್‌ಗಳ ಒಳಗೆ ‘ಎರಡರಲ್ಲೂ ಒಂದೇ ಸಾಫ್ಟ್‌ವೇರ್’ ಎಂದು ಬರೆಯಿರಿ. ಆ ಧೈರ್ಯದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ನಿಜಕ್ಕೂ ಅವತ್ತು ಮೊದಲು ನಿಂತದ್ದು ಬದಲಿ ಸಾಧನವೇ. ಅದೇ ಕಾರಣಕ್ಕೆ, ಕ್ಷಣದೊಳಗೆ ಇನ್ನೊಂದೂ ನಿಂತಿತು.

ನಿಲ್ಲುವಾಗ ಅದು ಸುಮ್ಮನಾಗಲಿಲ್ಲ. ತನಗೇನು ತೊಂದರೆ ಆಯಿತು ಎಂಬ ಮಾಹಿತಿಯನ್ನು ಅದೇ ದಾರಿಯಲ್ಲಿ ಕಳಿಸಿತು. ಮುಖ್ಯ ಕಂಪ್ಯೂಟರ್ ಅದನ್ನು ಹಾರಾಟದ ಅಳತೆ ಎಂದೇ ಓದಿಕೊಂಡಿತು. ರಾಕೆಟ್ ಬಹಳ ವಾಲಿದೆ ಎಂದು ತಿಳಿದು, ಕೊಳವೆಗಳನ್ನು ಪೂರ್ತಿ ತಿರುಗಿಸಿತು. ನೆಟ್ಟಗೆ ಹೋಗುತ್ತಿದ್ದ ರಾಕೆಟ್ ಅದರಿಂದ ವಾಲಿತು. ಗಾಳಿಯ ಹೊಡೆತಕ್ಕೆ ಪಕ್ಕದ ಬೂಸ್ಟರ್ ರಾಕೆಟ್‌ಗಳು ಕಿತ್ತುಬಂದವು.

ಈಗ ಆ ಬಾಣದ ಮೇಲೆ ಪೂರ್ತಿಯಾಗಿ ಬರೆದು ನೋಡಿ: ‘ಹಾರಾಟದ ಅಳತೆ, ಅಥವಾ ಸಾಧನ ಕೆಟ್ಟಾಗ ದೋಷದ ಮಾಹಿತಿ.’ ಚಿತ್ರ ನೋಡುತ್ತ ಕೂತವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರಿ, ಬಂದದ್ದು ಯಾವುದು ಅಂತ ಆ ಕಡೆಯ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ?"